ಎರಕದ ಎಂಜಿನ್ನಿನ ಬುಲೆಟ್: ಕಾರ್ಬ್ಯುರೇಟರ್ ಸ್ಕ್ರೂಗೆ ಕೈ ಹಾಕುವುದು ಕೊನೆಗೆ

ಬುಲೆಟ್ ಪಿಕಪ್ ಕೊಡುತ್ತಿಲ್ಲ, ಐಡಲ್ (ಥ್ರಾಟಲ್ ಕೊಡದಿದ್ದಾಗಿನ ಓಟ) ನಿಲ್ಲುತ್ತಿಲ್ಲ, ಸೈಲೆನ್ಸರ್ ಪಟಾಕಿ ಹೊಡೆಯುತ್ತಿದೆ ಎಂದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಕಾರ್ಬ್ಯುರೇಟರಿನ ಸ್ಕ್ರೂ ಕಡೆಗೆ. ಸುಲಭವಾಗಿ ಕೈಗೆ ಸಿಗುವ ಜಾಗ; ತಿರುಗಿಸಿದರೆ ಸದ್ದು ಬದಲಾಗುತ್ತದೆ, ಏನೋ ಸರಿಹೋಯಿತು ಅನಿಸುತ್ತದೆ. ಎರಡು ದಿನದಲ್ಲಿ ಅದೇ ರಗಳೆ ವಾಪಸ್. ಎರಕದ ಎಂಜಿನ್ನಿನ, ಅಂದರೆ ಎರಕದ ಕಬ್ಬಿಣದ ಬ್ಯಾರೆಲ್ ಇರುವ ಹಳೆಯ ಬುಲೆಟ್ 350ರಲ್ಲಿ ಕಾರ್ಬ್ಯುರೇಟರಿನದೆಂದು ಕಾಣುವ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಪಾಯಿಂಟ್‌ನಲ್ಲಿ (ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಸಣ್ಣ ಸ್ವಿಚ್ಚು), ಟ್ಯಾಪೆಟ್‌ನಲ್ಲಿ (ವಾಲ್ವ್ ಎತ್ತುವ ಭಾಗ).

ಇದಕ್ಕೆ ಕಾರಣ ನೇರವಾಗಿದೆ. ಟ್ಯಾಪೆಟ್ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಪಾಯಿಂಟ್ ಅಂತರ ಬದಲಾದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ತಾನಾಗಿಯೇ ಬದಲಾಗುತ್ತದೆ. ಟೈಮಿಂಗ್ ಬದಲಾದರೆ ಐಡಲ್ ಏರಿಳಿಯುತ್ತದೆ. ಹಾಗಾಗಿ ಆಯಿಲ್, ಟ್ಯಾಪೆಟ್, ಪಾಯಿಂಟ್, ಟೈಮಿಂಗ್, ಆಮೇಲೆ ಕಾರ್ಬ್ಯುರೇಟರ್ ಎಂಬ ಕ್ರಮದಲ್ಲೇ ಕೆಲಸ ಸಾಗಬೇಕು. ನಡುವಿನದೊಂದನ್ನು ಬಿಟ್ಟು ಮುಂದೆ ಹೋದರೆ ಮತ್ತೆ ಹಿಂದಕ್ಕೆ ಬರಲೇಬೇಕಾಗುತ್ತದೆ.

ಇಲ್ಲಿರುವ ಅಳತೆಗಳೆಲ್ಲ ಪಾಯಿಂಟ್ ಇಗ್ನಿಷನ್, ಬಲಗಾಲಿನ ನಾಲ್ಕು ಗೇರಿನ ಆಲ್ಬಿಯನ್ ಗೇರ್‌ಬಾಕ್ಸ್, 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್ ಇರುವ 346 ಸಿಸಿ ಬುಲೆಟ್‌ಗೆ. ಅಲ್ಯೂಮಿನಿಯಂ ಬ್ಯಾರೆಲ್ಲಿನ ಲೀನ್ ಬರ್ನ್ ಎಂಜಿನ್ನಿಗೂ ಆಮೇಲೆ ಬಂದ ಯುಸಿಇ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವ) ಎಂಜಿನ್ನಿಗೂ ಇವು ಹೊಂದುವುದಿಲ್ಲ.

ಬೇಕಾಗುವ ಸಾಮಾನು

ಫೀಲರ್ ಗೇಜ್ (ಸಂದಿನ ಅಂತರ ಅಳೆಯುವ ತೆಳು ಪಟ್ಟಿಗಳು) ಒಂದು ಸೆಟ್, ರಿಂಗ್ ಪಾನಾ ಸೆಟ್, ಒಳ್ಳೆಯ ತುದಿಯ ಸ್ಕ್ರೂಡ್ರೈವರ್, ವೈರ್ ಬೆಸೆದ ಸಣ್ಣ ಇಂಡಿಕೇಟರ್ ಬಲ್ಬ್, ಮಲ್ಟಿಮೀಟರ್, ಒಂದು ನೇರವಾದ ಸೈಕಲ್ ಸ್ಪೋಕ್, ಸಿಗರೇಟ್ ಸುತ್ತುವ ತೆಳು ಕಾಗದ, ಚಾಕ್‌ಪೀಸ್. ಮಲ್ಟಿಮೀಟರ್ ಬಿಟ್ಟರೆ ದುಬಾರಿಯದ್ದು ಇದರಲ್ಲಿ ಏನೂ ಇಲ್ಲ.

ಪಾನಾ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಬುಲೆಟ್ಟಿನಲ್ಲಿ ಇಂಚಿನ ನಟ್ಟುಗಳಿರುತ್ತವೆ. ನಾಲ್ಕು ಕೈ ದಾಟಿ ಬಂದ ಗಾಡಿಯಾದರೆ ಮೆಟ್ರಿಕ್ ನಟ್ಟುಗಳೂ ಬೆರೆತಿರುತ್ತವೆ. ‘ಹೆಚ್ಚುಕಮ್ಮಿ ಕೂರುತ್ತದೆ’ ಅನ್ನುವ ಪಾನಾ ಹಾಕಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಪ್ರತಿ ನಟ್ಟಿಗೂ ಅಲುಗಾಡದೆ ಕೂರುವ ಪಾನಾ ಯಾವುದು ಎಂದು ಮೊದಲು ನೋಡಿ. ತೆರೆದ ಬಾಯಿಯ ಪಾನಾಕ್ಕಿಂತ ರಿಂಗ್ ವಾಸಿ. ಅಡ್ಜಸ್ಟೆಬಲ್ ಸ್ಪ್ಯಾನರನ್ನು ಗ್ಯಾರೇಜಿನೊಳಗೇ ಬಿಡಬೇಡಿ.

ಪೆಟ್ರೋಲ್ ಪೈಪು ಬಿಚ್ಚುವ ಕೆಲಸವಿದ್ದಾಗ ಬಾಗಿಲು ತೆರೆದಿಡಿ, ಬಲ್ಬ್ ಪರೀಕ್ಷೆಯನ್ನು ಅದೇ ಹೊತ್ತಿನಲ್ಲಿ ಮಾಡಬೇಡಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬೇಡಿ. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ಮಿನ ಪುಡಿಯನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿ.

ಆಯಿಲ್: ಡಿಪ್‌ಸ್ಟಿಕ್ ಸುಳ್ಳು ಹೇಳುವ ಸಂದರ್ಭ

ಬುಲೆಟ್ ಎಂಜಿನ್ನಿನಲ್ಲಿ ಆಯಿಲ್ ಟ್ಯಾಂಕ್ ಬೇರೆಯಾಗಿಲ್ಲ, ಕ್ರ್ಯಾಂಕ್‌ಕೇಸ್ ಎರಕದಲ್ಲೇ ಹಿಂಬದಿಗೆ ಅದಕ್ಕೊಂದು ಕೋಣೆಯಿದೆ. ಪಂಪ್ ಅಲ್ಲಿಂದ ಆಯಿಲ್ ಎತ್ತಿ ಬಿಗ್‌ಎಂಡ್‌ಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಬೇರಿಂಗ್) ಕಳಿಸುತ್ತದೆ. ಕ್ರ್ಯಾಂಕ್ ಕೋಣೆಗೆ ಬಿದ್ದದ್ದನ್ನು ಇನ್ನೊಂದು ಪಂಪ್ ಎತ್ತಿ ಮೇಲೆ ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳಿಗೂ ವಾಪಸ್ ಟ್ಯಾಂಕಿಗೂ ಕಳಿಸುತ್ತದೆ. ಗಾಡಿ ವಾರಗಟ್ಟಲೆ ನಿಂತರೆ, ಸವೆದ ಪಂಪಿನ ಸಂದಿನಲ್ಲಿ ಆಯಿಲ್ ನಿಧಾನವಾಗಿ ಜಾರಿ ಕ್ರ್ಯಾಂಕ್ ಕೋಣೆ ಸೇರುತ್ತದೆ. ಆಗ ಡಿಪ್‌ಸ್ಟಿಕ್ ಎಳೆದರೆ ಆಯಿಲ್ಲೇ ಇಲ್ಲ! ಇಲ್ಲೇ ಎಡವುವುದು: ಅರ್ಧ ಲೀಟರ್ ಸುರಿಯುತ್ತಾರೆ, ಸ್ಟಾರ್ಟ್ ಮಾಡಿದ ಮೇಲೆ ಕೆಳಗಿದ್ದದ್ದೂ ಟ್ಯಾಂಕಿಗೆ ಬಂದು ಮಟ್ಟ ಮೀರುತ್ತದೆ. ಮೀರಿದ್ದು ಬ್ರೀದರ್‌ನಿಂದ (ಎಂಜಿನ್ನಿನೊಳಗಿನ ಒತ್ತಡ ಹೊರಬಿಡುವ ಪೈಪು) ಉಕ್ಕುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ, ಪಿಸ್ಟನ್ ರಿಂಗ್ ಹೋಯಿತೆಂದು ಎಂಜಿನ್ ಬಿಚ್ಚುವವರೂ ಇದ್ದಾರೆ.

ತುಂಬಾ ದಿನ ನಿಂತ ಗಾಡಿಯಾದರೆ ಮೊದಲು ಕ್ರ್ಯಾಂಕ್ ಕೋಣೆಯ ಡ್ರೈನ್ ಪ್ಲಗ್ ತೆಗೆದು ಅಲ್ಲಿರುವುದನ್ನು ಖಾಲಿ ಮಾಡಿ. ದಿನವೂ ಓಡುವ ಗಾಡಿಯಾದರೆ ಐದು ನಿಮಿಷ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು ಮಟ್ಟ ನೋಡಿ.

ಆಯಿಲ್ ಬದಲಿಸುವಾಗ ಎಂಜಿನ್ ಬಿಸಿಯಿರಲಿ. ಟ್ಯಾಂಕಿನ ಪ್ಲಗ್ ಬೇರೆ, ಕ್ರ್ಯಾಂಕ್ ಕೋಣೆಯದು ಬೇರೆ. ಅಡಿಯಲ್ಲಿರುವ ಎಲ್ಲ ಪ್ಲಗ್‌ಗಳನ್ನೂ ತೆಗೆಯದಿದ್ದರೆ ಹಳೆಯದರಲ್ಲಿ ಒಂದು ಪಾಲು ಒಳಗೇ ಉಳಿಯುತ್ತದೆ. ಪ್ಲಗ್‌ಗಳ ವಾಷರ್ ಹೊಸದಾಗಿರಲಿ. ಅವು ಅಲ್ಯೂಮಿನಿಯಂ ಎಳೆಗೆ ಕೂರುವುದರಿಂದ ಉದ್ದ ಹಿಡಿಕೆಯ ಪಾನಾ ಹಾಕಿ ತಿರುಚಬೇಡಿ. ಫೆಲ್ಟ್ ಫಿಲ್ಟರ್ ಎಂಜಿನ್ನಿನ ಬಲಬದಿಯ ಟೈಮಿಂಗ್ ಕವರಿನೊಳಗಿದೆ. ತೆಗೆಯುವಾಗ ಸ್ಪ್ರಿಂಗ್, ವಾಷರ್ ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ಬಟ್ಟೆಯ ಮೇಲೆ ಜೋಡಿಸಿಡಿ.

ಟ್ಯಾಂಕಿಗೆ ಹಿಡಿಸುವುದು ಸುಮಾರು 2.25 ಲೀಟರ್. ಮೊದಲು 2 ಲೀಟರ್ ಹಾಕಿ, ಓಡಿಸಿ, ನೋಡಿ, ಉಳಿದದ್ದನ್ನು ಸೇರಿಸಿ. 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ಮಿನರಲ್ ಆಯಿಲ್ ಸಾಕು. ರಾಯಚೂರು, ಕಲಬುರಗಿಯ ಬೇಸಿಗೆಗೆ 50 ವಾಸಿ. ದುಬಾರಿ ಸಿಂಥೆಟಿಕ್ ಹಾಕಿದರೆ ಈ ಎಂಜಿನ್ನಿಗೆ ಹೆಚ್ಚಿನ ಲಾಭವಿಲ್ಲ, ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಸೋರುವುದು ಮಾತ್ರ ಹೆಚ್ಚಬಹುದು. 2,500 ಕಿ.ಮೀ.ಗೊಮ್ಮೆ ಬದಲಿಸಿದರೆ ಬಿಗ್‌ಎಂಡ್ ಬಹಳ ದಿನ ಬಾಳುತ್ತದೆ.

ಫಿಲ್ಟರ್ ಬದಲಿಸಿದ ಮೇಲೆ ಆಯಿಲ್ ಹರಿಯುತ್ತಿದೆಯೇ ಎಂದು ಕಣ್ಣಾರೆ ನೋಡದೆ ರಸ್ತೆಗೆ ಇಳಿಸಬೇಡಿ. ಫಿಲ್ಟರ್ ಮುಚ್ಚಳದ ನಟ್ಟನ್ನು ಒಂದೆರಡು ಸುತ್ತು ಸಡಿಲಿಸಿ, ಎಂಜಿನ್ ನಿಧಾನವಾಗಿ ಓಡಿಸಿ. ಅಂಚಿನಲ್ಲಿ ಆಯಿಲ್ ಜಿನುಗಿದ ಕೂಡಲೇ ಬಿಗಿ ಮಾಡಿ. ಹಾಗೆಯೇ ಸಿಲಿಂಡರ್ ಹೆಡ್‌ಗೆ ಹೋಗುವ ರಾಕರ್ ಪೈಪಿನ ಬ್ಯಾಂಜೋ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ. ಅಲ್ಲಿಯೂ ಆಯಿಲ್ ಒಸರಿದರೆ ಹಿಂದಿರುಗಿಸುವ ಪಂಪ್ ಕೆಲಸ ಮಾಡುತ್ತಿದೆ ಎಂದರ್ಥ. ಈ ಬ್ಯಾಂಜೋ ಬೋಲ್ಟಿನ ನಡುವೆ ತೂತಿರುವುದರಿಂದ ಜೋರಾಗಿ ಬಿಗಿದರೆ ಕತ್ತರಿಸಿಯೇ ಹೋಗುತ್ತದೆ. ಸೋರಿದರೆ ವಾಷರ್ ಬದಲಿಸಿ, ಬಲ ಹಾಕಬೇಡಿ.

ಟೈಮಿಂಗ್ ಕವರ್ ಬಿಚ್ಚುವ ಪ್ರಸಂಗ ಬಂದರೆ ಕ್ರ್ಯಾಂಕ್ ತುದಿಗೆ ಆಯಿಲ್ ಒಯ್ಯುವ ಜಾಗದಲ್ಲಿರುವ ಸಣ್ಣ ಕಾರ್ಕ್ ಸೀಲನ್ನು ತಪ್ಪದೆ ಹೊಸದು ಹಾಕಿ. ಕೆಲವೇ ರೂಪಾಯಿಯ ಈ ಕಾರ್ಕ್ ಕುಗ್ಗಿದ್ದರೆ ಬಿಗ್‌ಎಂಡ್‌ಗೆ ಹೋಗಬೇಕಾದ ಆಯಿಲ್ ಪಕ್ಕಕ್ಕೆ ಸೋರಿಹೋಗುತ್ತದೆ. ಹೊರಗೆ ಒಂದು ತೊಟ್ಟೂ ಕಾಣುವುದಿಲ್ಲ. ಗೊತ್ತಾಗುವುದು ಕ್ರ್ಯಾಂಕ್ ಬಡಿಯಲು ಶುರುವಾದಾಗ.

ಇನ್ನು, ಬುಲೆಟ್ ಎಂದರೆ ಆಯಿಲ್ ಸೋರುವುದೇ ಎಂಬ ಮಾತು ಅರ್ಧ ಸತ್ಯ. ಎಲ್ಲ ಸಂದಿಯಲ್ಲೂ ಒಟ್ಟಿಗೆ ಜಿನುಗುತ್ತಿದ್ದರೆ ಗ್ಯಾಸ್ಕೆಟ್‌ಗಳಿಗಿಂತ ಮೊದಲು ಬ್ರೀದರ್ ನೋಡಿ. ಅದರ ತುದಿಯ ರಬ್ಬರ್ ಕೊಕ್ಕು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಒಳಗಿನ ಒತ್ತಡ ಹೋಗಲು ದಾರಿಯಿಲ್ಲದೆ ಗ್ಯಾಸ್ಕೆಟ್‌ಗಳನ್ನೇ ತಳ್ಳುತ್ತದೆ.

ಟ್ಯಾಪೆಟ್: ಎಂಜಿನ್ ತಣ್ಣಗಿದ್ದಾಗ, ಅಂತರ ಸೊನ್ನೆ

ಹಿಂದಿನ ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಮಾಡುವ ಕೆಲಸ ಇದು. ಎರಕದ ಬ್ಯಾರೆಲ್, ಅಲ್ಯೂಮಿನಿಯಂ ಪುಶ್‌ರಾಡ್ (ಟ್ಯಾಪೆಟ್ಟಿನಿಂದ ರಾಕರಿಗೆ ಹೋಗುವ ಕಡ್ಡಿ) ಇರುವ ಈ ಎಂಜಿನ್ನಿನಲ್ಲಿ ಇನ್ಲೆಟ್‌ಗೂ ಎಕ್ಸಾಸ್ಟ್‌ಗೂ ಅಂತರ ಸೊನ್ನೆ. ಫೀಲರ್ ಗೇಜ್ ಬೇಡ, ಬೆರಳೇ ಅಳತೆ: ಪುಶ್‌ರಾಡ್ ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಿಸಿದರೆ ಆಟ ಇರಬಾರದು.

ಸ್ಪಾರ್ಕ್ ಪ್ಲಗ್ ತೆಗೆಯಿರಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ಹಾಕಿ. ಪ್ಲಗ್ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಹಿಂದಿನ ಚಕ್ರವನ್ನು ಮುಂದಕ್ಕೆ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಗಾಳಿ ಬೆರಳನ್ನು ತಳ್ಳುತ್ತದೆ. ಅದು ಕಂಪ್ರೆಷನ್. ಅಲ್ಲಿಂದ ಸ್ಪೋಕ್ ಇಳಿಬಿಟ್ಟು ಪಿಸ್ಟನ್ ಅತಿ ಮೇಲಕ್ಕೆ ಬರುವ ತನಕ ತಿರುಗಿಸಿ. ಈಗ ಎರಡೂ ವಾಲ್ವ್ ಮುಚ್ಚಿರುತ್ತವೆ. ಬ್ಯಾರೆಲ್ಲಿನ ಬಲಬದಿಯಲ್ಲಿ ಒಂದೇ ನಟ್ಟಿನ ಮುಚ್ಚಳ ತೆಗೆದರೆ ಪುಶ್‌ರಾಡ್‌ಗಳ ಕಾಲ ಬುಡದಲ್ಲಿ ಅಡ್ಜಸ್ಟರ್ ಮತ್ತು ಲಾಕ್‌ನಟ್ ಕಾಣುತ್ತವೆ.

ಲಾಕ್‌ನಟ್ ಬಿಗಿ ಮಾಡುವಾಗ ಅಡ್ಜಸ್ಟರ್ ತುಸು ತಿರುಗಿಯೇ ತಿರುಗುತ್ತದೆ. ಆದ್ದರಿಂದ ಬಿಗಿದ ಮೇಲೆ ಮತ್ತೆ ಪರೀಕ್ಷಿಸಿ, ಎಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ ಅದೇ ಜಾಗಕ್ಕೆ ತಂದು ಇನ್ನೊಮ್ಮೆ ನೋಡಿ. ಸಂಶಯವಿದ್ದರೆ ಕೂದಲೆಳೆಯಷ್ಟು ಸಡಿಲವಿರಲಿ, ಬಿಗಿ ಬೇಡ. ಸಡಿಲವಿದ್ದರೆ ಟಕಟಕ ಸದ್ದು ಮಾತ್ರ. ಬಿಗಿಯಿದ್ದರೆ ಎಕ್ಸಾಸ್ಟ್ ವಾಲ್ವ್ ಸೀಟಿಗೆ ಕೂರದೆ ಸುಡುತ್ತದೆ.

ಅದೇ ಹೊತ್ತಿಗೆ ಡೀಕಂಪ್ರೆಸರ್ (ಕಿಕ್ ಹಗುರವಾಗಲು ಸಿಲಿಂಡರಿನ ಒತ್ತಡ ಬಿಡುವ ವಾಲ್ವ್) ಕೇಬಲ್ ನೋಡಿ. ಒಂದೆರಡು ಮಿ.ಮೀ. ಸಡಿಲ ಇರಲೇಬೇಕು. ಎಳೆದುಕೊಂಡಿದ್ದರೆ ಹೆಡ್‌ನಲ್ಲಿರುವ ಆ ಸಣ್ಣ ವಾಲ್ವ್ ಸದಾ ತುಸು ತೆರೆದೇ ಇರುತ್ತದೆ, ಕಿಕ್ ಮೆತ್ತಗಾಗುತ್ತದೆ. ವಾಲ್ವಿನ ಸುತ್ತ ಕಪ್ಪು ಜಿಡ್ಡು ಕಂಡರೆ ಸೋರುತ್ತಿದೆ ಎಂದೇ ಲೆಕ್ಕ.

ಪಾಯಿಂಟ್: ಎಲ್ಲದರ ಬೇರು

ಸಿಲಿಂಡರಿನ ಹಿಂದೆ, ಟೈಮಿಂಗ್ ಕೇಸಿನ ಮೇಲೆ ನಿಂತಿರುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಿರಿ. ಎಂಜಿನ್ ತಿರುಗಿಸಿ ಪಾಯಿಂಟ್ ಅತಿ ಹೆಚ್ಚು ತೆರೆದ ಜಾಗಕ್ಕೆ ತನ್ನಿ. ಅಂತರ 0.35ರಿಂದ 0.40 ಮಿ.ಮೀ. ಇರಬೇಕು. ಹೊಸ ಪಾಯಿಂಟ್ ಹಾಕಿದ್ದರೆ 0.40ಕ್ಕೆ ಇಡಿ, ಕ್ಯಾಮ್‌ಗೆ ಉಜ್ಜುವ ಅದರ ಫೈಬರ್ ಹಿಮ್ಮಡಿ ಮೊದಲ ಕೆಲವು ನೂರು ಕಿ.ಮೀ.ಯಲ್ಲಿ ಬೇಗ ಸವೆದು ಅಂತರ ತಾನೇ ಇಳಿಯುತ್ತದೆ.

ಫೀಲರ್ ಗೇಜ್‌ಗೆ ಹತ್ತಿರುವ ಎಣ್ಣೆಯೇ ಪಾಯಿಂಟ್‌ಗೆ ಹತ್ತಿ ಕಿಡಿ ಹೋಗುವುದುಂಟು. ಅಳತೆಯ ಮೊದಲು ಗೇಜ್ ಒರೆಸಿ, ಆದ ಮೇಲೆ ಪೆಟ್ರೋಲಿನಲ್ಲಿ ತುಸು ಅದ್ದಿದ ವಿಸಿಟಿಂಗ್ ಕಾರ್ಡಿನ ತುಂಡನ್ನು ಪಾಯಿಂಟ್ ನಡುವೆ ಎಳೆದು ತೆಗೆಯಿರಿ. ಕಾರ್ಡಿನ ಮೇಲೆ ಕಪ್ಪು ಗೆರೆ ಬಾರದ ತನಕ. ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬಟು ಆಗಿದ್ದರೆ ತೀಡಿ ಸಮ ಮಾಡುವುದು ತಾತ್ಕಾಲಿಕ. ಪಾಯಿಂಟ್ ಬದಲಿಸಿ, ಜೊತೆಗೆ ಕಂಡೆನ್ಸರನ್ನೂ ಅನುಮಾನಿಸಿ. ಎಂಜಿನ್ ಓಡುವಾಗ ಪಾಯಿಂಟ್ ನಡುವೆ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಸತ್ತಿದೆ. ಕ್ಯಾಮ್‌ಗೆ ಗ್ರೀಸ್ ಸವರುವುದು ಸಾಸಿವೆ ಕಾಳಿನಷ್ಟು ಸಾಕು, ಹೆಚ್ಚಾದರೆ ಹಾರಿ ಪಾಯಿಂಟ್‌ಗೇ ಮೆತ್ತಿಕೊಳ್ಳುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಸ್ಪೇರ್ ಪಾರ್ಟ್ಸ್ ಮಾರುಕಟ್ಟೆಯಲ್ಲಿ ಪಾಯಿಂಟ್ ಸೆಟ್ ಕೊಳ್ಳುವಾಗ ಎರಡು ವಿಷಯ ನೋಡಿ. ಎರಡು ತುದಿಗಳೂ ಮುಖಾಮುಖಿ ಸರಿಯಾಗಿ ಕೂರುತ್ತವೆಯೇ? ಹಿಮ್ಮಡಿ ಗಟ್ಟಿ ಫೈಬರಿನದೇ ಅಥವಾ ಉಗುರಿಗೆ ಕೀರುವ ಪ್ಲಾಸ್ಟಿಕ್ಕೇ? ಅಗ್ಗದ ಸೆಟ್ಟಿನ ಹಿಮ್ಮಡಿ ಸವೆದು ತಿಂಗಳೊಳಗೆ ಅಂತರ ಅರ್ಧಕ್ಕೆ ಇಳಿಯುತ್ತದೆ. ಅಂತರ ಇಳಿದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಅಂದರೆ ಟೈಮಿಂಗ್ ಹಿಂದೆ ಬೀಳುತ್ತದೆ. ಎಂಜಿನ್ ವಿಪರೀತ ಕಾಯುವುದು, ಏರಿನಲ್ಲಿ ಎಳೆಯದಿರುವುದು, ಸೈಲೆನ್ಸರ್ ಬೆಂಡ್ ನೀಲಿಗಟ್ಟುವುದು, ಎಲ್ಲವೂ ಇದರಿಂದಲೇ. ಇಂಥ ಗಾಡಿಗೆ ದೊಡ್ಡ ಮೇನ್ ಜೆಟ್ ಹಾಕಿಸಿಕೊಂಡು ಮೈಲೇಜ್ ಇಲ್ಲವೆಂದು ಗೊಣಗುವವರು ಕಡಿಮೆಯಿಲ್ಲ.

ಟೈಮಿಂಗ್

ಪಾಯಿಂಟ್ ಅಂತರ ಸರಿಮಾಡಿದ ಮೇಲೆಯೇ ಇದು. ಆಟೋ ಅಡ್ವಾನ್ಸ್ (ವೇಗ ಏರಿದಂತೆ ಕಿಡಿಯನ್ನು ತಾನೇ ಮುಂಚಿತ ಮಾಡುವ ಭಾಗ) ಪೂರ್ತಿ ಹಿಂದಕ್ಕೆ ಇದ್ದಾಗ, ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ತುದಿ ಮುಟ್ಟಲು 0.8 ಮಿ.ಮೀ. ಉಳಿದಿರುವಾಗ ಪಾಯಿಂಟ್ ಆಗಷ್ಟೇ ಬಾಯಿ ಬಿಡಬೇಕು. ಕ್ರ್ಯಾಂಕ್ ಲೆಕ್ಕದಲ್ಲಿ ಇದು ಸುಮಾರು 10 ಡಿಗ್ರಿ.

1. ಮೊದಲು ಆಟೋ ಅಡ್ವಾನ್ಸ್ ಜೀವಂತವಿದೆಯೇ ನೋಡಿ. ಕ್ಯಾಮನ್ನು ಅದು ತಿರುಗುವ ದಿಕ್ಕಿಗೆ ಬೆರಳಲ್ಲಿ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಎಳೆದು ವಾಪಸ್ ತರಬೇಕು. ಜಿಡ್ಡುಗಟ್ಟಿ ಅಲ್ಲೇ ನಿಂತರೆ ಬಿಚ್ಚಿ ತೊಳೆದು ಒಂದು ಹನಿ ಆಯಿಲ್ ಹಾಕಿ. ಮುಂದಕ್ಕೆ ಅಂಟಿಕೊಂಡ ಅಡ್ವಾನ್ಸ್ ಇದ್ದರೆ ಕಿಕ್ ಉಲ್ಟಾ ಹೊಡೆಯುತ್ತದೆ, ಕಾಲಿನ ಕೀಲೂ ಗೇರ್‌ಬಾಕ್ಸಿನ ಹಲ್ಲೂ ಎರಡೂ ಅಪಾಯದಲ್ಲಿ.

2. ಪಿಸ್ಟನ್ ಅತಿ ಮೇಲಕ್ಕೆ ಬರುವ ತುದಿಯನ್ನು ನಿಖರವಾಗಿ ಹುಡುಕಿ. ತುದಿಯ ಬಳಿ ಪಿಸ್ಟನ್ ಹೆಚ್ಚುಕಡಿಮೆ ನಿಂತೇ ಇರುವುದರಿಂದ ಕಣ್ಣಂದಾಜು ಸಾಲದು. ಪ್ಲಗ್ ರಂಧ್ರದಲ್ಲಿ ಸ್ಪೋಕ್ ಹಿಡಿದು, ಅದು ಏರುವಾಗ ಒಂದು ಗುರುತಿಗೆ ಬಂದಾಗ ಟೈರಿನ ಮೇಲೆ ಚಾಕ್‌ನಿಂದ ಗೆರೆ ಎಳೆಯಿರಿ. ತುದಿ ದಾಟಿ ಇಳಿಯುವಾಗ ಅದೇ ಗುರುತಿಗೆ ಬಂದಾಗ ಇನ್ನೊಂದು ಗೆರೆ. ಎರಡರ ಮಧ್ಯವೇ ತುದಿ.

3. ಪ್ಲಗ್ ರಂಧ್ರ ವಾಲಿಕೊಂಡಿರುವುದರಿಂದ ಸ್ಪೋಕ್‌ನಲ್ಲಿ 0.8 ಮಿ.ಮೀ. ಅಳೆಯುವುದು ಅಷ್ಟು ನಂಬಿಕೆಯದಲ್ಲ. ಟಾಪ್ ಗೇರಿನಲ್ಲಿ ಕ್ರ್ಯಾಂಕಿನ 10 ಡಿಗ್ರಿ ಎಂದರೆ ಟೈರಿನ ಹೊರ ಅಂಚಿನಲ್ಲಿ ಅಂದಾಜು ಒಂದು ಸೆಂ.ಮೀ. ಮೊದಲ ಸೆಟ್ಟಿಂಗ್‌ಗೆ ಅದು ಸಾಕು. ಪ್ರೈಮರಿ ಕವರ್ (ಎಡಗಡೆಯ ದೊಡ್ಡ ಕವರ್) ಹೇಗೂ ಬಿಚ್ಚಿದ್ದರೆ ಕ್ರ್ಯಾಂಕ್ ತುದಿಗೆ ಡಿಗ್ರಿ ಡಿಸ್ಕ್ ಹಾಕಿ ಅಳೆಯುವುದೇ ಉತ್ತಮ.

4. ಚಕ್ರವನ್ನು ತುದಿಯಿಂದ ಸಾಕಷ್ಟು ಹಿಂದಕ್ಕೆ ತಂದು, ಆಮೇಲೆ ಮುಂದಕ್ಕೇ ತಿರುಗಿಸುತ್ತಾ ಗುರುತಿಗೆ ತನ್ನಿ. ಇಲ್ಲದಿದ್ದರೆ ಚೈನ್ ಸಡಿಲ, ಗೇರ್ ಹಲ್ಲುಗಳ ಸಡಿಲ ಎಲ್ಲ ಸೇರಿ ಅಳತೆ ಕೆಡುತ್ತದೆ.

5. ಪಾಯಿಂಟ್ ನಡುವೆ ತೆಳು ಕಾಗದ ಇಟ್ಟು ಮೆಲ್ಲಗೆ ಎಳೆಯುತ್ತಿರಿ. ಡಿಸ್ಟ್ರಿಬ್ಯೂಟರಿನ ನಟ್ಟು ಸಡಿಲಿಸಿ ಅದರ ದೇಹವನ್ನು ತಿರುಗಿಸಿ. ಕಾಗದ ಜಾರಿ ಬಂದ ಕ್ಷಣವೇ ಪಾಯಿಂಟ್ ತೆರೆದ ಜಾಗ. ಬಲ್ಬ್ ಬಳಸುವುದಾದರೆ ಕಾಯಿಲ್‌ನಿಂದ ಪಾಯಿಂಟಿಗೆ ಹೋಗುವ ತುದಿಗೂ ಎಂಜಿನ್ ದೇಹಕ್ಕೂ ನಡುವೆ ಹಾಕಿ. ಇಗ್ನಿಷನ್ ಆನ್ ಇದ್ದಾಗ ಪಾಯಿಂಟ್ ತೆರೆದರೆ ಬಲ್ಬ್ ಹೊತ್ತುತ್ತದೆ. ಕೆಲಸ ಮುಗಿದ ಕೂಡಲೇ ಕೀ ಆಫ್ ಮಾಡಿ, ಮುಚ್ಚಿದ ಪಾಯಿಂಟಿನೊಂದಿಗೆ ಆನ್ ಬಿಟ್ಟರೆ ಕಾಯಿಲ್ ಕಾಯುತ್ತದೆ.

6. ದೇಹವನ್ನು ಕ್ಯಾಮ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿದರೆ ಅಡ್ವಾನ್ಸ್, ಅದೇ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡ್. ನಟ್ಟು ಬಿಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ, ಬಿಗಿಯುವಾಗಲೇ ಜರುಗುವುದು ಸಾಮಾನ್ಯ.

ಕೊನೆಯ ತೀರ್ಪು ರಸ್ತೆಯದು. ಟಾಪ್ ಗೇರಿನಲ್ಲಿ 40ರ ವೇಗದಿಂದ ಏರಿಗೆ ಥ್ರಾಟಲ್ ಕೊಟ್ಟಾಗ ಕಣಕಣ ಸದ್ದು ಬಂದರೆ ಅಡ್ವಾನ್ಸ್ ಹೆಚ್ಚಾಗಿದೆ, ಒಂದು ಕೂದಲಷ್ಟು ಹಿಂದಕ್ಕೆ ತನ್ನಿ. ಸದ್ದೇ ಇಲ್ಲ ಆದರೆ ಎಳೆಯುವುದೂ ಇಲ್ಲ, ಮೈ ಬೇಗ ಕಾಯುತ್ತದೆ ಎಂದರೆ ಮುಂದಕ್ಕೆ.

ಟೈಮಿಂಗ್ ಸರಿಯಿರುವ ಬುಲೆಟ್‌ಗೆ ಕಿಕ್ ಮಾಡಲು ಬಲ ಬೇಡ, ಕ್ರಮ ಬೇಕು. ಕೀ ಆನ್ ಮಾಡಿ ಕಿಕ್ಕರನ್ನು ಮೆಲ್ಲಗೆ ಒತ್ತಿದರೆ ಒಂದು ಕಡೆ ಗಟ್ಟಿ ತಡೆ ಸಿಗುತ್ತದೆ. ಡೀಕಂಪ್ರೆಸರ್ ಹಿಡಿದು, ಆಮ್ಮೀಟರಿನ ಮುಳ್ಳು ಡಿಸ್‌ಚಾರ್ಜ್ ಕಡೆಯಿಂದ ಮಧ್ಯಕ್ಕೆ ಬರುವ ತನಕ ಒತ್ತಿ. ಮುಳ್ಳು ಮಧ್ಯಕ್ಕೆ ಬಂತೆಂದರೆ ಪಾಯಿಂಟ್ ತೆರೆದಿದೆ, ಪಿಸ್ಟನ್ ತುದಿಯ ಹತ್ತಿರವಿದೆ. ಇನ್ನು ತುಸು ದಾಟಿಸಿ ಡೀಕಂಪ್ರೆಸರ್ ಬಿಡಿ, ಕಿಕ್ಕರನ್ನು ಮೇಲಕ್ಕೆ ತಂದು ಒಂದೇ ಉದ್ದನೆಯ ಒತ್ತು ಕೊಡಿ. ಅರ್ಧಕ್ಕೆ ನಿಲ್ಲಿಸುವ ಕಿಕ್ಕೇ ಉಲ್ಟಾ ಹೊಡೆಯುವುದು.

ಕರೆಂಟ್ ವಿಷಯದಲ್ಲಿ ಇನ್ನೆರಡು

ಇದು ಬ್ಯಾಟರಿಯಿಂದ ಕಿಡಿ ಪಡೆಯುವ ಗಾಡಿ. ಕಾಯಿಲ್‌ಗೆ ಬರುವ ವೋಲ್ಟೇಜನ್ನು ಪಾಯಿಂಟ್ ಮುಚ್ಚಿದ್ದಾಗ ಅಳೆಯಿರಿ. ಬ್ಯಾಟರಿಯದಕ್ಕಿಂತ ಅರ್ಧ ವೋಲ್ಟಿಗೂ ಹೆಚ್ಚು ಕಡಿಮೆಯಿದ್ದರೆ ಹಳೆಯ ಇಗ್ನಿಷನ್ ಸ್ವಿಚ್ಚು, ಫ್ಯೂಸ್ ಹೋಲ್ಡರ್ ಅಥವಾ ಕನೆಕ್ಟರ್ ಕರೆಂಟನ್ನು ನುಂಗುತ್ತಿದೆ. ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ ಚಾಸಿಯಲ್ಲಿ ಅರ್ಥ್ ಬೋಲ್ಟ್ ಕೂರುವ ಜಾಗದ ಬಣ್ಣ ಕೆರೆಯದೆ ಬಿಟ್ಟರೆ ಎಲ್ಲವೂ ಮಿಣುಕು ಮಿಣುಕು. ಅಂದದ ಗಾಡಿ, ಕಿಡಿಯಿಲ್ಲ.

ತಣ್ಣಗಿದ್ದಾಗ ಚೆನ್ನಾಗಿ ಓಡಿ ಬಿಸಿಯಾದ ಮೇಲೆ ನಿಂತು, ಚಹಾ ಕುಡಿಯುವಷ್ಟರಲ್ಲಿ ಮತ್ತೆ ಸ್ಟಾರ್ಟ್ ಆಗುವ ಗಾಡಿಗೆ ಮೊದಲು ಕಂಡೆನ್ಸರ್, ನಂತರ ಕಾಯಿಲ್ ಬದಲಿಸಿ ನೋಡಿ. ಹಾಗೆ ನಿಂತಾಗ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೂ ಒಮ್ಮೆ ತೆರೆಯಿರಿ. ಅದರ ಗಾಳಿ ತೂತು ಕಟ್ಟಿದ್ದರೂ ಲಕ್ಷಣ ಇದೇ. ಪ್ಲಗ್ ಅಂತರ 0.5ರಿಂದ 0.6 ಮಿ.ಮೀ.

ಈಗ ಕಾರ್ಬ್ಯುರೇಟರ್

ಮಿಕ್‌ಕಾರ್ಬ್ ವಿಎಂ 24 ಸರಳ ಯಂತ್ರ. ಬಿಚ್ಚುವ ಮೊದಲು ಅದು ಎಂಜಿನ್ನಿಗೆ ಕೂರುವ ಫ್ಲ್ಯಾಂಜ್ ನೋಡಿ. ಎರಡು ನಟ್ಟುಗಳನ್ನು ಅತಿಯಾಗಿ ಬಿಗಿದು ಬಿಗಿದು ಫ್ಲ್ಯಾಂಜ್ ಬಿಲ್ಲಿನಂತೆ ಬಾಗಿರುತ್ತದೆ, ನಡುವಿನಿಂದ ಕಳ್ಳಗಾಳಿ ಒಳಗೆ ಹೋಗುತ್ತದೆ. ಥ್ರಾಟಲ್ ಬಿಟ್ಟರೂ ಎಂಜಿನ್ನಿನ ವೇಗ ಇಳಿಯದೆ ಮೇಲೆಯೇ ತೂಗಾಡುತ್ತಿದ್ದರೆ ಇದೇ ಶಂಕೆ. ತಣ್ಣಗಿನ ಎಂಜಿನ್ ಐಡಲ್‌ನಲ್ಲಿರುವಾಗ ಆ ಸಂದಿಗೆ ಸೋಪಿನ ನೀರು ಬಿಟ್ಟು ಸದ್ದು ಬದಲಾಗುತ್ತದೆಯೇ ಕೇಳಿ. ಬಾಗಿದ್ದರೆ ಕನ್ನಡಿ ಗಾಜಿನ ಮೇಲೆ ನೀರು ಕಾಗದ (ಒದ್ದೆ ಮಾಡಿ ಬಳಸುವ ಉಜ್ಜುಕಾಗದ) ಹಾಸಿ, ಫ್ಲ್ಯಾಂಜನ್ನು ವೃತ್ತಾಕಾರದಲ್ಲಿ ಉಜ್ಜಿ ಸಮ ಮಾಡಿ, ಚೆನ್ನಾಗಿ ತೊಳೆದು ಹೊಸ ಗ್ಯಾಸ್ಕೆಟ್ ಹಾಕಿ.

ಕಾರ್ಬ್ಯುರೇಟರಿನ ಅಡಿಯ ಪೆಟ್ರೋಲ್ ಬಟ್ಟಲು ಬಿಚ್ಚಿ ಜೆಟ್‌ಗಳನ್ನು (ಪೆಟ್ರೋಲ್ ಅಳೆದು ಬಿಡುವ ತೂತಿನ ತಿರುಪುಗಳು) ತೆಗೆಯಿರಿ. ಮೇನ್ ಜೆಟ್, ಐಡಲ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್, ಎರಡರ ಸಂಖ್ಯೆಯನ್ನೂ ಗಾಡಿಯ ಕೈಪಿಡಿಯೊಂದಿಗೆ ಹೋಲಿಸಿ. ಬೇರೆ ಸಂಖ್ಯೆ ಕಂಡರೆ ಹಿಂದೆ ಯಾರೋ ಬೇರೆ ರೋಗಕ್ಕೆ ಇಲ್ಲಿ ಔಷಧಿ ಕೊಟ್ಟಿದ್ದಾರೆ ಅಂದುಕೊಳ್ಳಿ. ಐಡಲ್ ನಿಲ್ಲದ ಗಾಡಿಗಳಲ್ಲಿ ಪೈಲಟ್ ಜೆಟ್ ಕಟ್ಟಿರುವುದೇ ಹೆಚ್ಚು. ಬೆಳಕಿಗೆ ಹಿಡಿದರೆ ದುಂಡನೆಯ ಬೆಳಕು ಕಾಣಬೇಕು. ಗುಂಡುಸೂಜಿ ಹಾಕಿ ಚುಚ್ಚಬೇಡಿ, ತೂತು ಹಿಗ್ಗಿದರೆ ಜೆಟ್ ಹೋದಂತೆಯೇ. ಕಾರ್ಬ್ ಕ್ಲೀನರಿನಲ್ಲಿ ನೆನೆಸಿ ಗಾಳಿ ಊದಿ, ಹಟ ಹಿಡಿದರೆ ವೈರಿನ ಒಂದೇ ತಾಮ್ರದೆಳೆ ಬಳಸಿ. ಥ್ರಾಟಲ್ ಎಳೆದಾಗ ಮೇಲೇಳುವ ಸ್ಲೈಡಿನ ಮೈ ಸವೆದು ಅಲುಗಾಡುತ್ತಿದ್ದರೆ ಯಾವ ಸೆಟ್ಟಿಂಗೂ ನಿಲ್ಲದು.

ಪಂಪುಗಳಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಈ ಗಾಡಿ ಹುಟ್ಟಿದ ಕಾಲದ ರಬ್ಬರ್ ಪೈಪು, ಓ ರಿಂಗು, ಟ್ಯಾಪಿನ ವಾಷರ್‌ಗಳು ಇದಕ್ಕೆ ಹೇಳಿಮಾಡಿಸಿದವಲ್ಲ. ಉಬ್ಬಿ ಮೆತ್ತಗಾಗುತ್ತವೆ ಅಥವಾ ಬಿರಿಯುತ್ತವೆ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಮಳೆಗಾಲ ಪೂರ್ತಿ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಯ ಟ್ಯಾಂಕ್ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಯುವುದು ಇದರಿಂದಲೇ. ಎರಡು ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಬಟ್ಟಲನ್ನಾದರೂ ಖಾಲಿ ಮಾಡಿ. ಪೈಪುಗಳನ್ನು ಎಥನಾಲ್ ತಡೆಯುವ ಗುಣಮಟ್ಟದ್ದಕ್ಕೆ ಬದಲಿಸಿ. ಇದೇ ಪೆಟ್ರೋಲಿನಲ್ಲಿ ಮಿಶ್ರಣ ತುಸು ತೆಳುವಾಗುವುದರಿಂದ ಪ್ಲಗ್ ಬೆಳ್ಳಗೆ ಕಂಡರೆ ಜೆಟ್ ನೀಡಲಿನ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಹಾಕಿ. ಆಗ ನೀಡಲ್ ಒಂದು ಹಂತ ಮೇಲೇಳುತ್ತದೆ. ಪ್ಲಗ್ಗಿನ ಬಣ್ಣ ಕಾಫಿ ಪುಡಿಯ ಹಾಗಿರಬೇಕು.

ಕೊನೆಗೂ ಆ ಸ್ಕ್ರೂ. ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಒಂದೂವರೆ ಸುತ್ತು ಹೊರಕ್ಕೆ ತನ್ನಿ. ಹತ್ತು ಕಿ.ಮೀ. ಓಡಿಸಿ ಬಿಸಿಮಾಡಿ, ಐಡಲ್ ಸ್ಕ್ರೂ ತುಸು ಏರಿಸಿ. ಏರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಅತ್ತಿತ್ತ ತಿರುಗಿಸಿ ಎಂಜಿನ್ ಅತಿ ವೇಗವಾಗಿ, ಸಮವಾಗಿ ಓಡುವ ಜಾಗ ಹುಡುಕಿ. ಆಮೇಲೆ ಐಡಲ್ ಇಳಿಸಿ. ಒಳಕ್ಕೆ ಹೋದರೆ ಮಿಶ್ರಣ ದಪ್ಪ, ಹೊರಕ್ಕೆ ಬಂದರೆ ತೆಳು. ಮೂರು ಸುತ್ತು ಹೊರಗೆ ಬಂದರೂ ಬದಲಾವಣೆಯಿಲ್ಲದಿದ್ದರೆ ತೊಂದರೆ ಸ್ಕ್ರೂವಿನಲ್ಲಿಲ್ಲ, ಪೈಲಟ್ ದಾರಿಯಲ್ಲಿದೆ.

ಪ್ರೈಮರಿ, ಕ್ಲಚ್, ಗೇರ್‌ಬಾಕ್ಸ್

ಎಡಗಡೆಯ ದೊಡ್ಡ ಕವರ್ ನಿಂತಿರುವುದು ಒಂದೇ ಒಂದು ನಡುವಿನ ನಟ್ಟಿನ ಮೇಲೆ. ಫುಟ್‌ರೆಸ್ಟ್, ಬ್ರೇಕ್ ಪೆಡಲ್ ತೆಗೆದು, ಕೆಳಗೆ ಟ್ರೇ ಇಟ್ಟು ಬಿಚ್ಚಿ. ಮತ್ತೆ ಹಾಕುವಾಗ ರಬ್ಬರ್ ಸೀಲ್ ತಿರುಚದೆ ಕೂರಲಿ. ಸೋರುತ್ತದೆಂದು ನಟ್ಟನ್ನು ಮತ್ತಷ್ಟು ಬಿಗಿದರೆ ಕವರ್ ನಡುವೆ ಒಳಬಾಗಿ ಅಂಚು ಎದ್ದು ಇನ್ನೂ ಹೆಚ್ಚು ಸೋರುತ್ತದೆ. ಪ್ರೈಮರಿ ಚೈನ್ ಅತಿ ಬಿಗಿಯಾದ ಜಾಗದಲ್ಲಿ 6 ಮಿ.ಮೀ. ಆಡಬೇಕು. ಸ್ಟೇಟರ್ (ಕರೆಂಟ್ ಹುಟ್ಟಿಸುವ ಕಾಯಿಲ್ ಬಳೆ) ತೆಗೆದಿದ್ದರೆ ವಾಪಸ್ ಹಾಕುವಾಗ ಅದರೊಳಗೆ ತಿರುಗುವ ರೋಟರಿಗೂ ಅದಕ್ಕೂ ಸುತ್ತಲೂ 0.2 ಮಿ.ಮೀ. ಅಂತರ ಇದೆಯೇ ಫೀಲರ್ ಗೇಜ್‌ನಿಂದ ನೋಡಿ. ಒಂದು ಕಡೆ ತಾಗಿದರೂ ಕಾಯಿಲ್ ಕೆಡುತ್ತದೆ. ಒಳಗೆ ಸುಮಾರು 420 ಮಿ.ಲೀ. ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಹಾಕಿ.

ಕ್ಲಚ್ ಬಿಡದೆ ಗೇರ್ ಕರಕರ ಎನ್ನುತ್ತಿದ್ದರೆ ಪ್ಲೇಟ್ ಕೊಳ್ಳುವ ಮೊದಲು ಕವರ್ ತೆಗೆದು, ಕ್ಲಚ್ ಹಿಡಿದು ಕಿಕ್ಕರನ್ನು ಮೆಲ್ಲಗೆ ಒತ್ತಿ ಪ್ರೆಷರ್ ಪ್ಲೇಟ್ ನೇರವಾಗಿ ತಿರುಗುತ್ತದೆಯೇ ನೋಡಿ. ಓಲಾಡಿದರೆ ಹೆಚ್ಚು ಎದ್ದ ಕಡೆಯ ಸ್ಪ್ರಿಂಗ್ ಸ್ಕ್ರೂವನ್ನು ಅರ್ಧರ್ಧ ಸುತ್ತು ಬಿಗಿಯುತ್ತಾ ಸಮ ಮಾಡಿ. ಹ್ಯಾಂಡಲ್ ಲಿವರಿನ ಬುಡದಲ್ಲಿ 2ರಿಂದ 3 ಮಿ.ಮೀ. ಆಟವಿರಲಿ.

ಆಲ್ಬಿಯನ್ ಗೇರ್‌ಬಾಕ್ಸ್ ಹುಟ್ಟಿದ್ದೇ ಅರೆದ್ರವ ಗ್ರೀಸಿಗೆ. ತೆಳು ಎಂಜಿನ್ ಆಯಿಲ್ ಹಾಕಿದರೆ ಒಂದೇ ರಾತ್ರಿಯಲ್ಲಿ ನೆಲಕ್ಕೆ, ಗಟ್ಟಿ ಚಾಸಿ ಗ್ರೀಸ್ ಹಾಕಿದರೆ ಗೇರುಗಳು ಅದರಲ್ಲಿ ಕಾಲುವೆ ಕೊರೆದುಕೊಂಡು ಒಣಗಿ ಓಡುತ್ತವೆ. ಎನ್‌ಎಲ್‌ಜಿಐ (ಗ್ರೀಸಿನ ಗಟ್ಟಿತನದ ಅಳತೆ) 00 ದರ್ಜೆಯ ಗ್ರೀಸ್ ಸಿಗದಿದ್ದರೆ ಗ್ರೀಸಿಗೆ 90 ನಂಬರ್ ಗೇರ್ ಆಯಿಲ್ ಬೆರೆಸಿ ಗಟ್ಟಿ ಜೇನಿನ ಹದಕ್ಕೆ ತನ್ನಿ.

ಹಿಂದಿನ ಚೈನ್ ಅತಿ ಬಿಗಿಯಾದ ಜಾಗದಲ್ಲಿ 25ರಿಂದ 30 ಮಿ.ಮೀ. ಆಡಲಿ, ಚಕ್ರವನ್ನು ಹಿಂದಕ್ಕೆ ಸರಿಸುವ ಸ್ನೇಲ್ ಕ್ಯಾಮ್ ಎರಡೂ ಬದಿಯಲ್ಲಿ ಒಂದೇ ಹಲ್ಲಿನಲ್ಲಿರಲಿ. ಹಳೆಯ ಚಾಸಿಯಾದರೆ ಹಲ್ಲುಗಳ ಲೆಕ್ಕವನ್ನು ಪೂರ್ತಿ ನಂಬದೆ ಎರಡು ಟೈರಿಗೂ ಉದ್ದ ದಾರ ಹಿಡಿದು ನೇರ ನೋಡಿ. ಆಕ್ಸಲ್ ನಟ್ ಬಿಗಿಯುವಾಗ ಬ್ರೇಕ್ ಪೆಡಲ್ ಒತ್ತಿ ಹಿಡಿದಿದ್ದರೆ ಶೂಗಳು ಡ್ರಮ್ಮಿನ ನಡುವೆ ಕೂರುತ್ತವೆ. 50 ಕಿ.ಮೀ. ಓಡಿದ ಮೇಲೆ ಸೈಲೆನ್ಸರ್, ಎಂಜಿನ್ ಮೌಂಟಿಂಗ್, ಡಿಸ್ಟ್ರಿಬ್ಯೂಟರ್ ನಟ್ಟುಗಳನ್ನು ಒಮ್ಮೆ ಪಾನಾ ಹಾಕಿ ನೋಡಿ; ಈ ಎಂಜಿನ್ನಿನ ನಡುಕಕ್ಕೆ ಮೊದಲು ಸಡಿಲವಾಗುವುದು ಅವೇ.